ಕಂಪ್ರೆಸರಿಗೆ ಪೈಪು ಹುಡುಕಿದ ವರ್ಷ

ನಾನು ಮದುವೆಯಾಗಿ ಹುನಗುಂದಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ತವರು ಬೇವೂರು. ಗಂಡನ ಮನೆಯ ಹಿತ್ತಲಲ್ಲಿ ಎಮ್ಮೆ ಕಟ್ಟುವ ಜಾಗಕ್ಕೆ ಹೊಂದಿಕೊಂಡು ಒಂದು ಕಂಪ್ರೆಸರ್ ನಿಂತಿರುತ್ತಿತ್ತು. ಗಾಲಿಗಳ ಮೇಲೆ ಕೂರಿಸಿದ, ಹಳದಿ ಬಣ್ಣ ಅಲ್ಲಲ್ಲಿ ಎದ್ದುಹೋದ ದೊಡ್ಡ ಯಂತ್ರ. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗಬೇಕು. ಡೀಸೆಲ್ ಎಂಜಿನ್ನು ಗಾಳಿಯನ್ನು ಒತ್ತಿ ಒತ್ತಿ ಟಾಕಿಗೆ ತುಂಬುತ್ತದೆ, ಆ ಗಾಳಿಯ ಬಲದಿಂದ ಬಂಡೆಗೆ ತೂತು ಕೊರೆಯುತ್ತಾರೆ. ಬೇಸಗೆಯಲ್ಲಿ ಬಾವಿ ತೋಡಿಸುವವರು ಕರೆಯುತ್ತಿದ್ದರು. ಉಳಿದಂತೆ ಇಳಕಲ್ಲಿನ ಆಚೆಯ ಕೆಂಪು ಕಲ್ಲಿನ ಗಣಿಗಳಲ್ಲಿ ಕೆಲಸ.

ಯಂತ್ರದ ವಿಚಾರ ನನಗೆ ಆಗ ಏನೂ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಅದರದೇ ಮಾತಾಡುತ್ತಿದ್ದುದರಿಂದ ಸ್ವಲ್ಪ ಸ್ವಲ್ಪ ತಿಳಿಯುತ್ತ ಹೋಯಿತು. ಅದು ಗಾಳಿಯನ್ನು ಎರಡು ಸಲ ಒತ್ತುತ್ತದೆ. ಮೊದಲ ಸಿಲಿಂಡರಿನಿಂದ ಹೊರಬೀಳುವ ಗಾಳಿ ರೊಟ್ಟಿಯ ಹಂಚಿನ ಹಾಗೆ ಕಾದಿರುತ್ತದೆ. ಹಾಗೇ ಎರಡನೆಯದಕ್ಕೆ ಕೊಟ್ಟರೆ ಯಂತ್ರ ಸುಟ್ಟುಹೋಗುತ್ತದೆ. ಆದ್ದರಿಂದ ನಡುವೆ ಲಾರಿಯ ರೇಡಿಯೇಟರಿನಂಥ ಒಂದು ಜಾಲರಿ ಇರುತ್ತದೆ, ಅದೇ ಇಂಟರ್‌ಕೂಲರ್. ಸಿಲಿಂಡರಿನಿಂದ ಕೂಲರಿಗೆ ಬರುವ ಪೈಪನ್ನು ನಮ್ಮ ಮನೆಯಲ್ಲಿ ಬಿಸಿ ಪೈಪು ಎನ್ನುತ್ತಿದ್ದರು, ಕೂಲರಿನಿಂದ ಮುಂದೆ ಹೋಗುವುದನ್ನು ತಣ್ಣನ ಪೈಪು. ನಮ್ಮ ಅತ್ತೆಗೂ ಈ ಹೆಸರುಗಳು ಬಾಯಿಪಾಠ. ಎಂಟು ಹತ್ತು ಹಳ್ಳಿಯ ಬಾವಿಗಳ ಕಲ್ಲು ಹೇಗಿತ್ತು ಎಂಬುದನ್ನೂ ಆಕೆ ಹೇಳಬಲ್ಲವಳಾಗಿದ್ದಳು.

ಯಜಮಾನರದು ಸದ್ದಿನ ಮನುಷ್ಯನ ಸ್ವಭಾವ. ಯಂತ್ರದ ಪಕ್ಕ ನಿಂತು ಕೂಗಿ ಮಾತಾಡಿ ರೂಢಿಯಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಮಲಗಿದ ನಮ್ಮ ಕೂಸು ಏಳುತ್ತಿತ್ತು. ಯಂತ್ರ ನಡೆಯುತ್ತಿರುವಾಗಲೇ ಅದರೊಳಗೆ ಅರ್ಧ ದೇಹ ತೂರಿಸಿ ನಟ್ಟು ಬಿಗಿಯುವುದು, ಸದ್ದು ಕೇಳುವುದು ಅವರ ಅಭ್ಯಾಸ. ತಮಗೆ ಅದು ಏನೂ ಮಾಡುವುದಿಲ್ಲ ಎಂಬಂತೆ ಇರುತ್ತಿದ್ದರು.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ಒಂದು ಬೇಸಗೆಯ ಮಧ್ಯಾಹ್ನ ಗಣಿಯ ಜೀಪು ಬಂದು ನಮ್ಮ ಮನೆಯ ಮುಂದೆ ನಿಂತಿತು. ಯಜಮಾನರನ್ನು ಇಬ್ಬರು ಹಿಡಿದು ಇಳಿಸಿದರು. ಬಲಗೈ ಮೊಣಕೈಯವರೆಗೂ ಬಟ್ಟೆ ಸುತ್ತಿತ್ತು, ಕುತ್ತಿಗೆಯ ಒಂದು ಬದಿ ಕೆಂಪಗೆ ಉಬ್ಬಿತ್ತು. ಬಿಸಿ ಪೈಪಿನ ಬಾಗು ಸೀಳಿ, ಎಣ್ಣೆ ಬೆರೆತ ಗಾಳಿ ಸಿಡಿದಿತ್ತು. ಇಳಕಲ್ಲಿನ ದವಾಖಾನೆಯಲ್ಲಿ ಮುಲಾಮು ಹಚ್ಚಿ ಕಳಿಸಿದ್ದರು. ಅತ್ತೆ ಅಳಲಿಲ್ಲ. ಕೈಯನ್ನು ಅತ್ತಿತ್ತ ತಿರುಗಿಸಿ, ಬೆರಳು ಮಡಚು ಎಂದಳು. ಅವರು ಮಡಚಿದರು. ಆಕೆ ಒಳಗೆ ಹೋಗಿ ಮಜ್ಜಿಗೆ ತಂದಳು. ನಾನು ಬಾಗಿಲಲ್ಲೇ ನಿಂತಿದ್ದೆ.

ಮರುದಿನ ಟ್ರ್ಯಾಕ್ಟರ್ ಡ್ರೈವರು ಕಂಪ್ರೆಸರನ್ನು ಎಳೆದು ತಂದು ಹಿತ್ತಲಲ್ಲಿ ನಿಲ್ಲಿಸಿ, ಅದರ ಮೇಲೆ ತಾಡಪತ್ರಿ ಹೊದಿಸಿ ಹೋದ. ಒಡೆದ ಪೈಪನ್ನು ಬಿಚ್ಚಿ ಪಡಸಾಲೆಯಲ್ಲಿ ಇಟ್ಟ. ಕೈಯಳತೆಯ ಉದ್ದ, ಎರಡು ಕಡೆ ಬಾಗು, ತುದಿಗೆ ಬೋಲ್ಟು ಕೂರುವ ಬಿಲ್ಲೆಗಳು. ಒಳಬಾಗಿನ ಉದ್ದಕ್ಕೂ ಬಾಯಿ ತೆರೆದಿತ್ತು.

ಗಾಯ ಮಾಯಲು ಮಳೆಗಾಲದ ತನಕ ಹಿಡಿಯಿತು. ಅಷ್ಟರೊಳಗೆ ಪೈಪು ತಂದಿಟ್ಟರಾಯಿತು ಎಂದು ಅವರು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಹುಬ್ಬಳ್ಳಿಯ ಡೀಲರಿಗೆ ಕಾಗದ ಬರೆಸಿದರು. ಇಷ್ಟು ಹಳೆಯ ಮಾಡೆಲ್ಲಿನ ಪೈಪು ತಮ್ಮಲ್ಲಿಲ್ಲ, ಕಂಪನಿಯಿಂದ ತರಿಸಬೇಕು, ಯಾವಾಗ ಬರುತ್ತದೆಂದು ಹೇಳಲಾಗದು ಎಂಬ ಉತ್ತರ ಬಂತು. ಹಾಗಾದರೆ ಹೊರಗಿನ ಪೈಪೇ ಆಗಬೇಕು. ಹೊರಗಿನದು ಎಂದರೆ ಮೂರು ದಾರಿ. ಅಂಗಡಿಯಲ್ಲಿ ಸಿಗುವ ದಪ್ಪ ರಬ್ಬರ್ ಹೋಸನ್ನು ಕ್ಲಿಪ್ಪು ಹಾಕಿ ಬಿಗಿಯುವುದು, ನೀರಿನ ಜಿಐ ಪೈಪಿಗೆ ಮೊಣಕೈಯಂತೆ ಬಾಗಿದ ತುಂಡುಗಳನ್ನು ಸೇರಿಸಿ ವೆಲ್ಡಿಂಗ್ ಮಾಡಿಸುವುದು, ಇಲ್ಲವೇ ಉದ್ದಕ್ಕೂ ಬೆಸುಗೆಯ ಜೋಡಣೆಯಿಲ್ಲದ ಉಕ್ಕಿನ ಪೈಪನ್ನು ಕಾಯಿಸಿ ಬಾಗಿಸುವುದು.

ಕಟ್ಟು ಬಿಚ್ಚಿದ ಮೇಲೂ ಬಲಗೈಯಲ್ಲಿ ಭಾರ ಎತ್ತಲಾಗುತ್ತಿರಲಿಲ್ಲ. ಹಾಗಾಗಿ ಬಾಗಲಕೋಟೆಗೆ ಹೋಗುವಾಗ ಒಡೆದ ಪೈಪು ಹೊರುವ ಕೆಲಸ ನನ್ನದಾಯಿತು. ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಅಮೀನಗಡದಲ್ಲಿ ಹತ್ತಿದ ಮುದುಕಿಯೊಬ್ಬಳು ಕೂಸು ಎಂದುಕೊಂಡು, ಬಿಸಿಲು ಬೀಳುತ್ತಿದೆ, ಮುಖ ಮುಚ್ಚು ಎಂದಳು. ಬಿಚ್ಚಿ ತೋರಿಸಿದೆ. ಆಕೆ ಮುಟ್ಟಿ ನೋಡಿ, ಊದುವ ಕೊಂಬೇ ಎಂದು ಕೇಳಿದಳು. ಯಜಮಾನರು ಅಪಘಾತದ ನಂತರ ಮೊದಲ ಸಲ ನಕ್ಕರು.

ಬಾಗಲಕೋಟೆಯ ಪೇಟೆಯ ಅಂಗಡಿಯವನು ರಬ್ಬರ್ ಹೋಸುಗಳನ್ನು ಸಾಲಾಗಿ ಇಳಿಸಿದ. ಒಳಗೆ ಬಟ್ಟೆಯ ಪದರ ಇದ್ದದ್ದು, ತಂತಿ ಹೆಣೆದದ್ದು, ಕರ್ರಗೆ ಹೊಳೆಯುತ್ತಿದ್ದವು. ಲಾರಿಗಳಿಗೆಲ್ಲ ಇದೇ ಹಾಕುತ್ತೇವೆ, ಅಲುಗಾಟ ತಡೆಯುತ್ತದೆ, ಬೇಕಾದಂತೆ ಬಾಗುತ್ತದೆ ಎಂದ. ಯಜಮಾನರು ಒಂದೊಂದನ್ನೂ ಎಡಗೈಯಿಂದ ಹಿಸುಕಿ, ಒಳಗೆ ಬೆರಳು ಹಾಕಿ, ಮೂಸಿ ನೋಡಿದರು. ನನಗೆ ತಂತಿ ಹೆಣೆದದ್ದು ಚೆನ್ನಾಗಿ ಕಂಡಿತು. ನೋಡಿ ಬರುತ್ತೇವೆ ಎಂದು ಹೇಳಿ ಹೊರಗೆ ಬಂದರು.

ನಂತರ ಬಾದಾಮಿ. ಅಲ್ಲಿ ಅವರ ಪರಿಚಯದವರೊಬ್ಬರು ತಮ್ಮ ಕಂಪ್ರೆಸರಿಗೆ ರಬ್ಬರ್ ಹೋಸನ್ನೇ ಹಾಕಿಸಿದ್ದರು. ಪಟ್ಟದಕಲ್ಲಿನ ದಾರಿಯ ಒಂದು ಹೊಲದಲ್ಲಿ ಬಾವಿ ಕೆಲಸ ನಡೆದಿತ್ತು. ಅಲ್ಲಿಗೇ ಹೋದೆವು. ತಣ್ಣನ ಕಡೆಯ ಹೋಸು ಚೆನ್ನಾಗಿತ್ತು. ಬಿಸಿ ಕಡೆಯದು ಎಣ್ಣೆ ಕುಡಿದು ಮೆತ್ತಗಾಗಿ ಕ್ಲಿಪ್ಪಿನ ಬಳಿ ಉಬ್ಬಿತ್ತು. ಪರಿಚಯದವರು ಅದನ್ನು ಮುಚ್ಚಿಡಲಿಲ್ಲ. ಆಗಾಗ ಬದಲಿಸುತ್ತಿರಬೇಕು, ಅಷ್ಟೇ ಎಂದರು. ಅವರು ಯಂತ್ರ ಚಾಲೂ ಮಾಡಿದಾಗ ನಮ್ಮ ಯಜಮಾನರು ಹೊಲದ ಬದುವಿನವರೆಗೆ ಹೋಗಿ ನಿಂತರು. ನನ್ನನ್ನೂ ಕೈಸನ್ನೆ ಮಾಡಿ ಕರೆದರು. ದೂಳಿಗಾಗಿ ಎಂದು ನಾನು ತಿಳಿದೆ.

ರಬ್ಬರ್ ಬಿಸಿ ಕಡೆಗೆ ಆಗುವುದಿಲ್ಲ ಎಂದು ಗೊತ್ತಾಯಿತು. ಆಮೇಲೆ ಇಳಕಲ್ಲಿನ ಒಬ್ಬ ವೆಲ್ಡರ್ ಹತ್ತಿರ ಜಿಐ ಪೈಪಿನದು ಮಾಡಿಸಿದರು. ಅದು ಮನೆಗೂ ಬಂತು. ಬಿಲ್ಲೆಯ ತೂತುಗಳು ಸರಿಯಾಗಿ ಕೂರುತ್ತಿದ್ದವು. ಟ್ರ್ಯಾಕ್ಟರ್ ಡ್ರೈವರು ಹಾಕಲು ಪಾನಾ ಹಿಡಿದು ಬಂದ. ಯಜಮಾನರು ಪೈಪನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿ, ಬೆಸುಗೆ ಒಳಕ್ಕೆ ಉಬ್ಬಿದೆ, ಮೂಲೆಗಳು ಚೂಪಾಗಿವೆ, ಗಾಳಿ ತಡೆಯುತ್ತದೆ ಎಂದು ಬದಿಗಿಟ್ಟರು. ಮಾತು ಸುಳ್ಳಲ್ಲ. ಉಬ್ಬು ನನಗೂ ಕಂಡಿತು. ಡ್ರೈವರು ಮಾತ್ರ ಒಂದು ಬಾವಿ ಹೊಡೆಯುವ ತನಕವಾದರೂ ನಡೆಯುತ್ತದಲ್ಲ ಎಂದು ಗೊಣಗಿ ಹೋದ. ಬರಬರುತ್ತ ಅವನು ಬೇರೆ ಕಡೆ ಕೆಲಸ ಹಿಡಿದ.

ದಸರೆ ಬಂದು ಹೋಯಿತು. ಹಬ್ಬದ ದಿನ ತಾಡಪತ್ರಿ ತೆಗೆದು ಯಂತ್ರಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಮತ್ತೆ ಹೊದಿಸಿದರು. ಪಡಸಾಲೆಯಲ್ಲಿ ಪೈಪುಗಳು ಹೆಚ್ಚುತ್ತ ಹೋದವು. ಜಿಐ ಪೈಪು, ಯಾರೋ ಕೊಟ್ಟ ತಾಮ್ರದ ತುಂಡು, ಲಾರಿಯಿಂದ ಬಿಚ್ಚಿದ ಹೋಸು. ಸಂಜೆ ಅವರು ಅವುಗಳ ನಡುವೆ ಕೂತು ಒಂದೊಂದರ ಕೊರತೆ ಹೇಳುತ್ತಿದ್ದರು. ಈಗ ಅವರ ಮಾತು ಮೆಲ್ಲಗಾಗಿತ್ತು. ಕೂಸು ಎಚ್ಚರವಾಗದೆ ಮಲಗುತ್ತಿತ್ತು. ನನಗೆ ಆ ಮೆಲುದನಿಯೇ ಸಹಿಸಲಾಗದಂತಾಯಿತು.

ಮನೆ ನಡೆಯುತ್ತಿದ್ದುದು ಎರಡು ಎಕರೆ ಹೊಲ ಮತ್ತು ಅತ್ತೆಯ ಎಮ್ಮೆಗಳ ಮೇಲೆ. ಆಕೆ ಮಗನನ್ನು ಒಂದು ದಿನವೂ ಕೇಳಲಿಲ್ಲ. ಒಮ್ಮೆ ಮಾತ್ರ, ಜೋಳ ಹಸನು ಮಾಡುತ್ತ ಕೂತಾಗ, ನನಗೆ ಹೇಳಿದಳು: “ನಾ ಕೇಳಿದ್ರ ಅವಾ ಸಿಟ್ಟಾಗ್ತಾನ. ನೀ ಕೇಳು.”

“ಏನು ಕೇಳ್ಲಿರಿ ಅತ್ತಿ?”

“ಪೈಪಿಂದಲ್ಲ. ಅವಂದು ಕೇಳು.”

ಆವತ್ತು ಸಂಜೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ದಿನಾ ಹಚ್ಚುತ್ತಿದ್ದೆ, ಚರ್ಮ ಎಳೆದುಕೊಳ್ಳದಿರಲಿ ಎಂದು ಡಾಕ್ಟರು ಹೇಳಿದ್ದರು. ಗಾಯದ ಜಾಗ ನುಣ್ಣಗೆ, ಬೇರೆಯವರ ಚರ್ಮದ ಹಾಗೆ ಇತ್ತು. ಕೇಳುವುದು ಹೇಗೆಂದು ಮಧ್ಯಾಹ್ನದಿಂದ ಯೋಚಿಸಿದ್ದೆ. ಬಾಯಿಗೆ ಬಂದದ್ದು ಸೀದಾ ಮಾತೇ.

“ನಿಮಗ ಅದರ ಅಂಜಿಕಿ ಹತ್ತೇತೇನ್ರಿ?”

ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಿತ್ತಲಲ್ಲಿ ಅತ್ತೆ ಎಮ್ಮೆಗೆ ನೀರು ಇಡುತ್ತಿದ್ದ ಸದ್ದು ಕೇಳುತ್ತಿತ್ತು.

“ಹೂಂ,” ಅಂದರು. “ಅವತ್ತು ನಾ ಬಗ್ಗಿ ಅದರ ಸಪ್ಪಳಾ ಕೇಳಾಕತ್ತಿದ್ದೆ. ಕೈ ಅಡ್ಡ ಇತ್ತು, ಕೈ ಸುಡ್ತು. ಇಲ್ಲಂದ್ರ ಮಾರಿ ಇರತಿತ್ತು. ಈಗ ಟ್ರ್ಯಾಕ್ಟರ್ ಚಾಲೂ ಆದ್ರೂ ಎದಿ ಡವಡವ ಅಂತೈತಿ.”

ಯಾವ ಪೈಪು ಹಾಕಿದರೆ ಅದು ಹೋದೀತು ಎಂದು ಕೇಳಿದೆ. ಅದನ್ನೇ ಇಷ್ಟು ದಿನ ಹುಡುಕುತ್ತಿದ್ದೇನೆ ಎಂದರು. ಒಡೆಯದ ಪೈಪು ಎಂಬುದು ಇಲ್ಲ, ಕಬ್ಬಿಣವಾದರೂ ಕಾದು ಕಾದು ಒಂದು ದಿನ ಸೀಳುತ್ತದೆ ಎಂದರು. ಆಮೇಲೆ ತಮ್ಮಷ್ಟಕ್ಕೆ ಮಾತಾಡಿಕೊಂಡಂತೆ ಹೇಳಿದರು:

“ಒಡೀಲಿ. ಒಡದ್ರ ಮನಶ್ಯಾ ನಿಂತ ಕಡೆ ಬರಬಾರದು. ಅಷ್ಟಾದ್ರ ಸಾಕು.”

ಹೇಳಿ ಮುಗಿಸಿದವರು ನನ್ನ ಮುಖ ನೋಡಿದರು. ಎದ್ದು ಹಿತ್ತಲಿಗೆ ಹೋಗಿ ತಾಡಪತ್ರಿ ಸರಿಸಿದರು. ನಾನು ಕಂದೀಲು ಹಿಡಿದು ಹಿಂದೆ ಹೋದೆ. ಯಂತ್ರದ ಸುತ್ತ ತಿರುಗಿ, ಹಳೆಯ ಪೈಪು ಹೋಗುತ್ತಿದ್ದ ದಾರಿಯನ್ನು ಬೆರಳಿನಿಂದ ತೋರಿಸಿದರು. ಸಿಲಿಂಡರಿನಿಂದ ಮೇಲೆದ್ದು, ಮನುಷ್ಯ ಎಂಜಿನ್ ನೋಡಿಕೊಳ್ಳಲು ನಿಲ್ಲುವ ಬದಿಯಲ್ಲೇ ಬಾಗಿ, ಕೂಲರಿಗೆ ಇಳಿಯುತ್ತಿತ್ತು. ಇದನ್ನು ಆಚೆ ಬದಿಯಿಂದ, ಕೆಳಗಿನಿಂದ ತರಲಾಗುವುದಿಲ್ಲವೇ ಎಂದು ಕೇಳಿದರು. ನನ್ನನ್ನು ಕೇಳಿದ್ದಲ್ಲ. ಆದರೂ ನಾನು, ಕೇಳಿ ನೋಡೋಣ ಎಂದೆ.

ಬಾಗಲಕೋಟೆಯ ಹಳೇ ಊರಿನಲ್ಲಿ ಒಬ್ಬ ಮುಸಲ್ಮಾನ ಹಿರಿಯರು ಪೈಪು ಬಾಗಿಸುತ್ತಿದ್ದರು. ಸಕ್ಕರೆ ಕಾರ್ಖಾನೆ, ಎಣ್ಣೆ ಗಿರಣಿಗಳ ಕೆಲಸ ಮಾಡಿದವರು. ಅಣೆಕಟ್ಟಿನಿಂದ ಊರು ಮುಳುಗಡೆಗೆ ಹೋಗುತ್ತದೆಂಬ ಮಾತು ಬಹಳ ವರ್ಷದಿಂದ ಇತ್ತು. ಅವರ ಓಣಿಯ ಗೋಡೆಗಳ ಮೇಲೆ ಅಳತೆಗೆ ಬಂದವರು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಕುಲುಮೆಯ ಶೆಡ್ಡಿನ ತಗಡಿನ ಮೇಲೂ ಒಂದು ನಂಬರು ಇತ್ತು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

ಚಾಚಾ ಒಡೆದ ಪೈಪು ನೋಡಿ, ಇಂಥದ್ದೇ ಮಾಡಿಕೊಡುತ್ತೇನೆ ಎಂದರು. ಯಜಮಾನರು ಇಂಥದ್ದು ಬೇಡ ಎಂದರು. ನೆಲದ ಮೇಲೆ ಇದ್ದಿಲಿನಿಂದ ಯಂತ್ರದ ಗೆರೆ ಹಾಕಿ, ಪೈಪು ಎಲ್ಲಿಂದ ಬರಬೇಕು ಎಂದು ತೋರಿಸಿದರು. ದಾರಿ ಉದ್ದವಾಗುತ್ತದೆ, ಬಾಗು ಹೆಚ್ಚುತ್ತದೆ, ಯಾಕೆ ಎಂದು ಚಾಚಾ ಕೇಳಿದರು. ಇವರು ತೋಳು ಮೇಲೇರಿಸಿ ಕೈ ತೋರಿಸಿದರು.

ಚಾಚಾ ಆ ಕೈಯನ್ನು ಹಿಡಿದು ನೋಡಿದರು. “ಪೈಪ್ ಗಟ್ಟಿ ಇರಬೇಕು ಅಂತ ಎಲ್ಲಾರೂ ಅಂತಾರ,” ಅಂದರು. “ಮನಶ್ಯಾ ಎಲ್ಲಿ ನಿಂದರ್ತಾನ ಅಂತ ನನಗ ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ.”

ಆಮೇಲೆ ಇಬ್ಬರೂ ಗೆರೆ ಅಳಿಸಿ, ಮತ್ತೆ ಹಾಕಿ, ಮಧ್ಯಾಹ್ನದ ತನಕ ವಾದ ಮಾಡಿದರು. ಚೂಪು ಮೂಲೆ ಇರಕೂಡದು, ಎಲ್ಲವೂ ದೊಡ್ಡ ಬಾಗುಗಳಾಗಬೇಕು. ಬಿಸಿ ಕಡೆಗೆ ಜೋಡಣೆಯಿಲ್ಲದ ಉಕ್ಕಿನ ಪೈಪು. ಅಲುಗಾಟಕ್ಕೆ ಅದು ಸೀಳದಂತೆ ಕೆಳಗಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ಒಂದು ಹಿಡಿಕೆ. ಬಾಗಿನ ಮೇಲೆ ದಪ್ಪ ತಗಡಿನ ಮರೆ, ಬಾಯಿ ನೆಲದ ಕಡೆಗೆ. ತಣ್ಣನ ಕಡೆಗೆ ಮಾತ್ರ ನಡುವೆ ಒಂದು ತುಂಡು ತಂತಿ ಹೆಣೆದ ರಬ್ಬರ್ ಹೋಸು. ಅದನ್ನು ಕೊಳ್ಳಲು ನನ್ನನ್ನು ಪೇಟೆಗೆ ಕಳಿಸಿದರು. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ಕೊನೆಗೂ ಆರಿಸಿದಿರಾ ಎಂದ. ಅರ್ಧ ಆರಿಸಿದ್ದೇವೆ ಎಂದೆ.

ನನ್ನ ಸೋದರಮಾವನ ಮನೆ ಅದೇ ಹಳೇ ಊರಿನಲ್ಲಿತ್ತು. ಪೈಪು ಆಗುವ ತನಕ ಅಲ್ಲೇ ಉಳಿದೆವು. ಬಾಗಿಸುವ ದಿನ ನಾನೂ ಶೆಡ್ಡಿನಲ್ಲಿದ್ದೆ. ಚಾಚಾ ಹೊಳೆಯ ಮರಳನ್ನು ಹುರಿದು ತೇವ ತೆಗೆದಿದ್ದರು. ತೇವ ಉಳಿದರೆ ಒಳಗೆ ಉಗಿಯಾಗಿ ಪೈಪು ಸಿಡಿಯುತ್ತದಂತೆ. ಮರಳನ್ನು ಪೈಪಿಗೆ ತುಂಬಿ, ಬಡಿದು ಬಡಿದು ಜಡಿದು, ಎರಡೂ ತುದಿಗೆ ಕಟ್ಟಿಗೆಯ ಬೆಣೆ ಹೊಡೆದರು. ಒಳಗೆ ಮರಳು ಬಿಗಿಯಾಗಿದ್ದರೆ ಬಾಗಿಸುವಾಗ ಪೈಪು ಚಪ್ಪಟೆಯಾಗುವುದಿಲ್ಲ. ಇದ್ದಿಲಿನಲ್ಲಿ ಆ ಜಾಗವಷ್ಟೇ ಕೆಂಪಾಗುವ ತನಕ ಕಾಯಿಸಿ, ಅಚ್ಚಿನ ಸುತ್ತ ಎಳೆದರು. ಅವರೂ ಅವರ ಮಗನೂ ಒಂದು ಕಡೆ ಎಳೆಯುತ್ತಿದ್ದಾಗ, ಯಜಮಾನರು ಮುಂದೆ ಹೋಗಿ ಬಲಗೈಯಿಂದಲೇ ಇನ್ನೊಂದು ತುದಿ ಹಿಡಿದರು. ಕೆಂಪು ಕಬ್ಬಿಣದ ಹತ್ತಿರ ಅವರ ಮುಖ ಬೆವರಿತ್ತು. ಬಿಟ್ಟು ಬರಲಿಲ್ಲ.

ಎಲ್ಲ ಮುಗಿದ ಮೇಲೆ ಪೈಪಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಲಾರಿ ಟೈರಿನ ಕೈಪಂಪು ಜೋಡಿಸಿ, ಎಮ್ಮೆಗೆ ನೀರು ಕುಡಿಸುವ ದೋಣಿಯಲ್ಲಿ ಮುಳುಗಿಸಿ ಗಾಳಿ ಹೊಡೆದರು. ಗುಳ್ಳೆ ಬರುತ್ತದೋ ನೋಡುವ ಕೆಲಸ ನನಗೆ ಬಂತು. ಬೆಸುಗೆ ಹಾಕಿದ ಒಂದು ಬಿಲ್ಲೆಯ ಅಂಚಿನಿಂದ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಹೇಳಿದೆ. ಚಾಚಾ ನನ್ನ ಕಡೆ ನೋಡಿ, ತಂಗಿ, ಸರಿಯಾಗಿ ನೋಡಿದಿಯಾ ಎಂದರು. ಮತ್ತೆ ಅದೇ ಜಾಗದಲ್ಲಿ ಎದ್ದಿತು. ಬೆಸುಗೆ ಕೆತ್ತಿ ಮತ್ತೆ ಹಾಕಿದರು. ಎರಡನೆಯ ಸಲ ನೀರು ಅಲುಗದೆ ನಿಂತಿತು.

ಹುನಗುಂದಕ್ಕೆ ಬಂದು ಪೈಪು ಕೂರಿಸಿದರು. ತೂತುಗಳು ಹೊಂದದೆ ಒಂದು ದಿನ ಕಬ್ಬಿಣ ಉಜ್ಜುವ ಕಾನಸು ಹಿಡಿದು ತಿಕ್ಕಬೇಕಾಯಿತು. ಚಾಲೂ ಮಾಡುವ ದಿನ ಓಣಿಯವರು ಕೆಲವರು ಬಂದು ನಿಂತರು. ಅತ್ತೆ ಎಮ್ಮೆಗಳನ್ನು ಬೇರೆ ಕಡೆ ಕಟ್ಟಿದಳು. ಯಜಮಾನರು ಹ್ಯಾಂಡಲ್ ತಿರುವಿದರು. ಎಂಜಿನ್ನು ಹಿಡಿದುಕೊಂಡಿತು. ಅವರು ತಕ್ಷಣ ಹಿಂದೆ ಸರಿದು ಬೇಲಿಯ ಹತ್ತಿರ ನಿಂತರು. ಗಾಳಿಯ ಒತ್ತಡ ತೋರಿಸುವ ಮುಳ್ಳು ಏರುತ್ತಿತ್ತು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಮೊದಲು ನಿಲ್ಲುತ್ತಿದ್ದ ಜಾಗಕ್ಕೇ ಬಂದು ನಿಂತರು. ಬಗ್ಗಲಿಲ್ಲ. ಕಿವಿ ಇಡಲಿಲ್ಲ. ಕೈಕಟ್ಟಿ ನಿಂತು ಟಾಕಿ ತುಂಬುವ ತನಕ ನೋಡಿದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಎಂದಳು.

ಗಣಿಗೆ ಮೊದಲ ಸಲ ಹೋಗುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರು ಕೆಲಸ ಮಾಡುವ ಜಾಗವನ್ನು ನಾನು ನೋಡಿರಲಿಲ್ಲ. ಕೆಂಪು ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿದ್ದರು. ಮೇಲಿನ ಮೆಟ್ಟಿಲಲ್ಲಿ ನಮ್ಮ ಯಂತ್ರ, ಕೆಳಗೆ ಕೊರೆಯುವವರು. ಬೇರೊಬ್ಬರ ಕಂಪ್ರೆಸರೂ ಅಲ್ಲಿತ್ತು. ಅದನ್ನು ನಡೆಸುತ್ತಿದ್ದ ಮನುಷ್ಯ ಬಿಸಿ ಪೈಪಿನ ಬಾಗಿನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ್ದ. ಯಜಮಾನರು ಹೋಗಿ ಅವನನ್ನು ಎಬ್ಬಿಸಿ ಆಚೆ ಕೂರಿಸಿದರು. ಅವನು ಯಾಕೆಂದು ಕೇಳಿದ. ಇವರು ಏನು ಹೇಳಿದರೋ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಬಹಳ ಹೊತ್ತು ಕೈ ಆಡಿಸಿ ಹೇಳುತ್ತಿದ್ದರು.

ಅಂಜಿಕೆ ಪೂರ್ತಿ ಹೋಯಿತು ಎನ್ನಲಾರೆ. ಯಂತ್ರ ನಿಲ್ಲಿಸದೆ ಅದರೊಳಗೆ ಕೈ ಹಾಕುವುದನ್ನು ಅವರು ಬಿಟ್ಟೇಬಿಟ್ಟರು. ಕೆಲವು ದಿನ ಬೆಳಿಗ್ಗೆ ಎದ್ದು ಇವತ್ತು ಬೇಡ ಎನ್ನುತ್ತಿದ್ದರು, ನಾವು ಯಾಕೆಂದು ಕೇಳುತ್ತಿರಲಿಲ್ಲ. ಎರಡು ವರ್ಷದ ಮೇಲೆ ಯಂತ್ರ ನಡೆಸಲು ಒಬ್ಬನನ್ನು ಇಟ್ಟರು. ಅಷ್ಟರಲ್ಲಿ ಆ ಗಣಿಯವರೇ ತಮ್ಮ ಎರಡು ಕಂಪ್ರೆಸರುಗಳಿಗೂ ಇಂಥ ಪೈಪು ಬೇಕೆಂದು ಕೇಳಿದ್ದರು. ಇಂಥ ಕೇಳಿಕೆಗಳು ಒಂದರ ಹಿಂದೆ ಒಂದು ಬಂದವು. ಇವರು ಹೋಗಿ ಯಂತ್ರ ನೋಡಿ ಅಳತೆ ತರುವುದು, ಚಾಚಾ ಬಾಗಿಸುವುದು ಎಂದಾಯಿತು. ಅಳತೆಗೆ ಹೋದಾಗ ಇವರು ಮೊದಲು ಯಂತ್ರ ನಡೆಸುವವನನ್ನು ಕರೆದು, ನೀನು ದಿನಾ ಎಲ್ಲಿ ನಿಲ್ಲುತ್ತೀ, ಎಲ್ಲಿ ಕೂತು ಉಣ್ಣುತ್ತೀ ಎಂದು ಕೇಳುತ್ತಿದ್ದರಂತೆ. ಮಾಲಕರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಗಣಿಗಳಿಗೆ ಹೊಸ ಯಂತ್ರಗಳು ಬಂದವು. ನಮ್ಮದನ್ನು ಬಾವಿ ಕೆಲಸದವರೊಬ್ಬರಿಗೆ ಮಾರಿದೆವು. ಚಾಚಾನ ಮಗ ಮುಳುಗಡೆಯವರಿಗೆಂದು ಕಟ್ಟುತ್ತಿದ್ದ ನವನಗರದಲ್ಲಿ ಜಾಗ ಹಿಡಿದು ಶೆಡ್ಡು ಹಾಕಿದ, ಯಜಮಾನರು ವಾರದಲ್ಲಿ ಅರ್ಧ ದಿನಗಳು ಅಲ್ಲೇ ಇರತೊಡಗಿದರು. ಅಲ್ಲಿ ಸುತ್ತಿಗೆಯ ಸದ್ದಿಗೆ ಅವರ ದನಿ ಮತ್ತೆ ಏರಿತು. ಊರಿಗೆ ಬಂದ ದಿನ ಅವರು ಓಣಿಯ ತಿರುವಿನಲ್ಲಿ ಯಾರನ್ನೋ ಮಾತಾಡಿಸುತ್ತಿದ್ದರೆ ನನಗೆ ಅಡುಗೆಮನೆಗೆ ಕೇಳುತ್ತಿತ್ತು. ನಾನು ರೊಟ್ಟಿಗೆ ಹಿಟ್ಟು ನಾದಲು ಕೂರುತ್ತಿದ್ದೆ.